ನಾಲ್ಕು ಬೆರಳ ಆಳ

ನನ್ನ ಹತ್ತಿರ ಬರುವ ನೂರು ಜನರಲ್ಲಿ ತೊಂಬತ್ತು ಮಂದಿಗೆ ತಲೆ ನೆಟ್ಟಗಿರುವುದಿಲ್ಲ. ಮುತ್ತಜ್ಜ ಹತ್ತು ಅಡಿ ಕೆಳಗೆ ಹೊನ್ನಿನ ಕೊಪ್ಪರಿಗೆ ಹೂಳಿದ್ದಾನೆ, ನಿಮ್ಮ ಮಷಿನ್ ತನ್ನಿ ಎನ್ನುತ್ತಾರೆ. ಈ ಮೆಟಲ್ ಡಿಟೆಕ್ಟರ್ ಹೊತ್ತು ತಿರುಗಲು ಶುರುಮಾಡಿ ಎಂಟು ವರ್ಷವಾಯಿತು. ರಾಯಬಾಗದಿಂದ ಅಥಣಿವರೆಗೆ ಕಬ್ಬಿನ ಹೊಲಗಳಲ್ಲಿ ಕಳೆದುಹೋದ ತಾಳಿ, ಮೂಗುತಿ, ಟ್ರ್ಯಾಕ್ಟರಿನ ಪಿನ್ನು ಹುಡುಕಿ ಕೊಟ್ಟಿದ್ದೇನೆ. ಕೊಪ್ಪರಿಗೆ ಒಂದೂ ಕಂಡಿಲ್ಲ. ಹೊಳೆಯ ಒಣ ಮರಳಿನಲ್ಲಿ ನಾಣ್ಯ ಒಂದು ಗೇಣಿಗಿಂತ ತುಸು ಕೆಳಗಿದ್ದರೂ ಮಷಿನ್ ಕೂಗುತ್ತದೆ. ಒಣಗಿದ ಎರೆಮಣ್ಣಿನಲ್ಲಿ ಗೇಣು ಮುಟ್ಟುವುದೇ ಕಷ್ಟ. ನೀರು ಕುಡಿದು ಕುಡಿದು ಉಪ್ಪೇರಿದ ಸವಳು ಮಣ್ಣಿನಲ್ಲಂತೂ ನಾಲ್ಕು ಬೆರಳು, ಅದರಾಚೆಗೆ ಮಷಿನ್ ಕಿವುಡು. ಇದನ್ನು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಶೇವಂತಾ ಮಾತ್ರ ಕಿವಿಗೆ ಹಾಕಿಕೊಂಡಳು. ಉಗಾರ ಬುದ್ರುಕದ ಕುರಿಗಾರ ಮಾಳಸಿದ್ದನ ಹೆಂಡತಿ ಈಕೆ. ಬಸ್ಸು ಹಿಡಿದು ರಾಯಬಾಗಕ್ಕೆ ಬಂದು, ನನ್ನ ಮನೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಮಹಾಪೂರದ ವರ್ಷ ಅವಳ ಎರಡು ವರ್ಷದ ಮಗಳು ಮಯೂರಿ ಜ್ವರ ಬಂದು ತೀರಿಕೊಂಡಿದ್ದಳು. ಊರೆಲ್ಲ ಶಾಲೆಯ ಕೋಣೆಗಳಲ್ಲಿತ್ತು, ಸ್ಮಶಾನ ನೀರಿನಡಿ ಇತ್ತು. ಅವರ ಮನೆತನದಲ್ಲಿ ಕೂಸಿನ ಮಣ್ಣಿಗೆ ತಾಯಿ ಹೋಗುವ ಪದ್ಧತಿಯಿಲ್ಲ. ಮಗಳ ಬಾಯಲ್ಲಿ ಒಂದು ರೂಪಾಯಿ ಇಟ್ಟು ಗಂಡನ ಕೈಗೆ ಕೊಟ್ಟು ಕಳಿಸಿದಳು. ತಮ್ಮ ಹೊಲದಲ್ಲಿ ಸೊಂಟದ ಆಳ ತೋಡಿ ಹೂಳಿದೆ ಎಂದು ಅವನು ಬಂದು ಹೇಳಿದ. ಮರುದಿನ ಕೃಷ್ಣೆ ಆ ಹೊಲಕ್ಕೂ ಏರಿತು. ನೀರಿಳಿದಾಗ ಗುರುತಿಗಿಟ್ಟ ಕಲ್ಲೂ ಇರಲಿಲ್ಲ.

ಆಮೇಲೆ ಹೊಲ ಸವಳಾಗಿ ಬೀಳುಬಿತ್ತು, ನೇಗಿಲು ಮುಟ್ಟಿಲ್ಲ. ಈಗ ಉಪ್ಪುನೀರು ಬಸಿಯಲು ನೆಲದಡಿ ಪೈಪು ಹಾಕುತ್ತಾರಂತೆ, ಸೋಮವಾರ ಜೆಸಿಬಿ ಬರುತ್ತದಂತೆ. ಅಷ್ಟರೊಳಗೆ ಮಗಳ ಎಲುಬು ತೆಗೆದು ಕುರಿಹಟ್ಟಿಯ ಹತ್ತಿರ ಎತ್ತರದ ಜಾಗದಲ್ಲಿ ಇಡಬೇಕೆಂದು ಅವಳ ಆಸೆ. ಸೊಂಟದ ಆಳದ ನಾಣ್ಯ ನನ್ನ ಮಷಿನ್ನಿಗೆ ಕೇಳುವುದಿಲ್ಲ, ಸವಳಿನಲ್ಲಿ ನಾಲ್ಕೇ ಬೆರಳು ಎಂದು ಒರಟಾಗಿಯೇ ಹೇಳಿದೆ. ಅವಳು ತನ್ನ ನಾಲ್ಕು ಬೆರಳು ಜೋಡಿಸಿ ನೋಡಿಕೊಂಡಳು. ಕೇಳಿಸದಿದ್ದರೂ ಚಿಂತೆಯಿಲ್ಲ, ಒಮ್ಮೆ ತಿರುಗಿಸಿ ಎಂದಳು. ಅದಕ್ಕೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಶನಿವಾರ ಬೆಳಿಗ್ಗೆ ಹೋದೆ. ಹೊಲದ ತುಂಬ ಬಿಳಿ ಉಪ್ಪಿನ ಪೊರೆ, ಕಾಲಿಟ್ಟಲ್ಲಿ ಪಚಪಚ. ಶೇವಂತಾ ಹೊಸ ಬಟ್ಟೆ ಹಾಸಿದ ಬುಟ್ಟಿ ಹಿಡಿದು ನನ್ನ ಬೆನ್ನಿಗೇ ಬಂದಳು. ಮಾಳಸಿದ್ದ ಬದುವಿನ ಮೇಲೆ ನಿಂತು, ಇದೆಲ್ಲ ಯಾಕೆ, ಮಲಗಿದವಳನ್ನು ಎಬ್ಬಿಸಬೇಡಿ ಎಂದು ಗೊಣಗುತ್ತಿದ್ದ. ಎಂಥ ಕಲ್ಲು ಮನಸ್ಸಿನವನಪ್ಪ ಎಂದುಕೊಂಡೆ. ಉಪ್ಪಿನ ಮಣ್ಣಿನಲ್ಲಿ ಮಷಿನ್ ಸುಮ್ಮಸುಮ್ಮನೆ ಕಿರಿಚುತ್ತದೆ. ಅದರ ಕಿವಿ ತಗ್ಗಿಸಿ ಮಧ್ಯಾಹ್ನದವರೆಗೆ ಅಂಗುಲ ಅಂಗುಲ ತಿರುಗಿಸಿದೆ. ಕೆಳಗಿನ ಮೂಲೆಯಲ್ಲಿ ಸ್ವಚ್ಛವಾದ ಒಂದು ದನಿ ಬಂತು. ಸಲಿಕೆಯ ತುದಿಯಿಂದ ಮಣ್ಣು ಎತ್ತಿದೆ. ಕಪ್ಪಾದ ಒಂದು ರೂಪಾಯಿ.

ನನಗೆ ಸಂತೋಷವಾಯಿತು. ಮೂರ್ಖ ನಾನು, ಹಲ್ಲು ಕಿರಿದು ಅದನ್ನು ಅವಳ ಅಂಗೈಗೆ ಹಾಕಿದೆ. ಅವಳು ನಾಣ್ಯ ನೋಡಲಿಲ್ಲ, ಕುಣಿ ನೋಡಿದಳು. ಮೊಣಕಾಲೂರಿ ತನ್ನ ನಾಲ್ಕು ಬೆರಳು ಅದರಲ್ಲಿಟ್ಟಳು. ಆಮೇಲೆ ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ಅಕ್ಕಪಕ್ಕವೂ ಬಗೆದಳು. ಒಂದು ಎಲುಬಿನ ಚೂರೂ ಸಿಗಲಿಲ್ಲ. ಗೇಣಿನ ಕೆಳಗೆ ಎಂದೂ ಸಲಿಕೆ ಕಾಣದ ಗಟ್ಟಿ ನೆಲ, ಉಗುರು ಇಳಿಯಲಿಲ್ಲ.

ಪೂರದಲ್ಲಿ ಮೇಲಿನ ಮಣ್ಣು ಕೊಚ್ಚಿಹೋಗಿರಬೇಕು ಎಂದು ನಾನು ಬಾಯಿಗೆ ಬಂದದ್ದು ಹೇಳಿದೆ. ಬದುವಿನಿಂದ ಇಳಿದು ಬಂದಿದ್ದ ಮಾಳಸಿದ್ದ ಅಲ್ಲವೆಂದು ತಲೆಯಾಡಿಸಿದ.

"ಸುಳ್ಳು ಹೇಳಬ್ಯಾಡ್ರಿ," ಎಂದ. "ನಾ ತೋಡಿದ್ದ ಇಷ್ಟ. ಒಂದ್ ಬುಟ್ಟಿ ಮಣ್ಣ ತಗದ್ರ ಎರಡ್ ಬುಟ್ಟಿ ನೀರ ಬರ್ತಿತ್ತು. ಕೂಸು ತೇಲಾಕತ್ತಿತ್ತು. ಒಂದ್ ಕೈಲೆ ಒತ್ತಿ ಹಿಡದು, ಇನ್ನೊಂದ್ ಕೈಲೆ ಮಣ್ಣ ಎಳದ್ನಿ."

ಮರುದಿನ ಬಂದು ನೋಡಿದಾಗ ಇಡೀ ಹೊಲ ಹೊಳೆಯಾಗಿತ್ತಂತೆ. ಎದೆಮಟ ನೀರಿನಲ್ಲಿ ಸಂಜೆಯವರೆಗೆ ಕೂಸಿಗಾಗಿ ಕಾಲಿನಿಂದ ತಡವಿದನಂತೆ, ಸಿಗಲಿಲ್ಲವಂತೆ. ಇದನ್ನು ಹೇಳುವಾಗ ಅವನು ಹೆಂಡತಿಯ ಮುಖ ನೋಡಲಿಲ್ಲ. ನೂರು ಜನಕ್ಕೆ ಆಳದ ಲೆಕ್ಕ ಹೇಳಿ ಬೈದವನು ನಾನು. ಆ ಹೊತ್ತಿನಲ್ಲಿ ನನ್ನ ಮಷಿನ್ ಕೆಟ್ಟುಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅದು ಸುಮ್ಮನಿದ್ದಿದ್ದರೆ ಮಗಳು ಕೆಳಗೆಲ್ಲೋ ಇದ್ದಾಳೆಂದು ನಂಬಿಕೊಂಡು ಅವಳು ಮನೆಗೆ ಹೋಗುತ್ತಿದ್ದಳು.

ಶೇವಂತಾ ಎದ್ದು ಸೀರೆಯ ಮಣ್ಣು ಕೊಡವಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿಲ್ಲ. ಹೊಳೆಯ ಕಡೆ ನೋಡಿ, ಗಂಡನಿಗೆ ಮೆಲ್ಲಗೆ ಅಂದಳು:

"ಅವತ್ತ ಹೇಳಬೇಕಿತ್ತು ನೀ. ಅಮಾಸಿಗೊಮ್ಮಿ ಈ ಖಾಲಿ ನೆಲಕ್ಕ ಹಾಲ ಹಾಕೇನಿ. ನನ್ನ ಕೂಸು ಹೊಳ್ಯಾಗ ಉಪವಾಸ ಇತ್ತು."