ಹೊನ್ನೂರಮ್ಮನ ಸಾಕ್ಷಿ

ಹೊಲದಿಂದ ಮೆಕ್ಕೆಜೋಳ ತುಂಬಿಕೊಂಡು ಮನೆಗೆ ಹೊರಟಿದ್ದ ಟ್ರಾಲಿ ಜಗಳೂರು ರಸ್ತೆಯಲ್ಲಿ ಪಂಕ್ಚರ್ ಆದಾಗ ಹೊತ್ತು ಮುಳುಗಿತ್ತು. ಮುತ್ತುರಾಜ್ ಟ್ರಾಲಿಯನ್ನು ರಸ್ತೆಯ ಮೇಲೆಯೇ ಬಿಟ್ಟು, ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿಕೊಂಡು ಪಂಕ್ಚರ್ ಹಾಕುವವನನ್ನು ಕರೆತರಲು ಹೊರಟ.

“ಬರೋ ಗಾಡಿಯವರಿಗೆ ಕಾಣೋ ಹಂಗೆ ಹಿಂದೆ ಒಂದಿಷ್ಟು ಸೊಪ್ಪನ್ನಾದ್ರೂ ಮುರಿದು ಹಾಕೋ. ಕತ್ತಲಾಗ್ತೈತೆ,” ಎಂದಳು ಅವನ ಸೋದರತ್ತೆ ಹೊನ್ನೂರಮ್ಮ.

“ಈಗ ಬಂದೆ ಬಿಡು ಅತ್ತೆ.”

ಅವನು ಅತ್ತ ಹೋಗುತ್ತಲೇ ಹೊನ್ನೂರಮ್ಮ ತಾನೇ ರಸ್ತೆಯಿಂದ ಇಳಿದು ಜಾಲಿಯ ಕೊಂಬೆಗೆ ಕೈ ಹಾಕಿದಳು. ಕೊಂಬೆ ಮುರಿಯುವಷ್ಟರಲ್ಲಿ ಬೈಕಿನ ಸದ್ದು ಕೇಳಿಸಿತು, ಅದರ ಹಿಂದೆಯೇ ಅದು ಟ್ರಾಲಿಗೆ ಗುದ್ದಿದ ದೊಡ್ಡ ಸಪ್ಪಳ.

ಬಿದ್ದಿದ್ದವನು ಎಳೆಯ ಪ್ರಾಯದವನು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೀರು ಕೇಳಿದ. ಹೊಲಕ್ಕೆ ಒಯ್ದಿದ್ದ ಬಾಟಲಿಯಲ್ಲಿ ಉಳಿದಿದ್ದನ್ನು ಬಾಯಿಗೆ ಬಿಟ್ಟಳು. ಅದು ಕಟಬಾಯಿಂದ ಹೊರಗೇ ಹರಿಯಿತು. ಮುತ್ತುರಾಜ್ ವಾಪಸು ಬರುವಾಗ ಎಲ್ಲ ಮುಗಿದಿತ್ತು. ಅವನು ಒಂದು ಗಳಿಗೆ ಕಂಬದಂತೆ ನಿಂತ. ಆಮೇಲೆ ಅಳುತ್ತಲೇ ದಡಬಡ ಕೊಂಬೆ ಮುರಿದು ಟ್ರಾಲಿಯ ಹಿಂದೆ ಸಾಲಾಗಿ ಹಾಕತೊಡಗಿದ. ಹೊನ್ನೂರಮ್ಮ ನೋಡುತ್ತ ಕೂತಿದ್ದಳು.

ಸತ್ತವನು ತ್ಯಾವಣಿಗೆಯ ಪ್ರಸನ್ನಕುಮಾರ್. ಮೋಟಾರು ರಿಪೇರಿ ಮಾಡುವವನು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಊರಲ್ಲಿ ಮಾತು ಬೇರೆಯೇ ಹಬ್ಬಿತು: ಸೊಪ್ಪು ಹಾಕಿದ್ದರೂ ಕಾಣಲಿಲ್ಲವಂತೆ, ಕಂಠಪೂರ್ತಿ ಕುಡಿದಿದ್ದನಂತೆ.

ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ ಎಂದು ತಿಳಿದಾಗ ಮುತ್ತುರಾಜನ ಅಪ್ಪ, ಹೊನ್ನೂರಮ್ಮನ ಅಣ್ಣ ಮರುಳಸಿದ್ದಪ್ಪ ಅವಳ ಮನೆಗೆ ಬಂದು ಜಗುಲಿಯ ಮೇಲೆ ಕೂತ.

“ಸೊಪ್ಪು ಮೊದಲೇ ಹಾಕಿತ್ತು ಅನ್ನು. ಅಷ್ಟೇ. ಹೆಚ್ಚಿಗೆ ಏನೂ ಹೇಳಬ್ಯಾಡ.”

“ಹಾಕಿರಲಿಲ್ಲ ಅಣ್ಣ.”

“ಹಾಕಿರಲಿಲ್ಲ ಅನ್ನೋದು ನಂಗೂ ಗೊತ್ತೈತೆ,” ಎಂದ ಅಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. “ನೀನು ಎತ್ತಿ ಆಡಿಸಿದ ಹುಡುಗ ಕಣವ್ವ ಅವನು.”

ಈ ಅಣ್ಣನ ಋಣ ಸಣ್ಣದಲ್ಲ. ಗಂಡ ಹಾಸಿಗೆ ಹಿಡಿದಾಗ ಜಗಳೂರಿನ ಪ್ರಾರ್ಥನೆಯವರು ಬಂದು ಹೇಲುಚ್ಚೆ ಬಳಿದು ನೋಡಿಕೊಂಡಿದ್ದರು. ಗಂಡ ಹೋದ ಮೇಲೆ ಅವಳು ದೀಕ್ಷಾಸ್ನಾನ ತಗೊಂಡಳು. ಅವಳ ಮನೆಯಲ್ಲಿ ಭಾನುವಾರದ ಪ್ರಾರ್ಥನೆ ಶುರುವಾದಾಗ ಊರಿನ ಕೆಲವರು ಬಾಗಿಲು ಒದೆಯಲು ಬಂದರು. ಆಗ ಅಡ್ಡ ನಿಂತವನು ಮರುಳಸಿದ್ದಪ್ಪ. “ನನ್ನ ತಂಗಿ ಯಾರಿಗೆ ಕೈ ಮುಗಿದ್ರೆ ನಿಮಗೇನ್ರೋ?” ಎಂದಿದ್ದ. ಅವತ್ತಿನಿಂದ ಯಾರೂ ತಂಟೆಗೆ ಬಂದಿರಲಿಲ್ಲ.

ಪ್ರಾರ್ಥನೆ ನಡೆಸುತ್ತಿದ್ದ ಪಾಸ್ಟರ್ ರುದ್ರಮುನಿಯವರಿಗೂ ಇದು ಗೊತ್ತಿತ್ತು. “ನಾನು ಸುಳ್ಳು ಹೇಳು ಅನ್ನಾಕಿಲ್ಲ ಹೊನ್ನೂರಮ್ಮ,” ಎಂದರು, ಅವಳ ಮುಖ ನೋಡದೆ. “ಕತ್ತಲಿತ್ತು, ಸರಿಯಾಗಿ ನೋಡಲಿಲ್ಲ ಅಂದ್ರೂ ಆಗ್ತೈತೆ. ನಿಮ್ಮಣ್ಣ ಕೈ ಬಿಟ್ರೆ ನಾವೆಲ್ಲ ಎಲ್ಲಿಗೆ ಹೋಗಾಣ?”

ಪ್ರಾರ್ಥನೆಯಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ ಉಪಕಾರ ಹೇಳುವುದಕ್ಕೂ ಸಾಕ್ಷಿ ಎಂದೇ ಕರೆಯುತ್ತಿದ್ದರು. ಅಲ್ಲಿ ಹೊನ್ನೂರಮ್ಮ ಒಮ್ಮೆಯೂ ಎದ್ದವಳಲ್ಲ; ನಾಲ್ಕು ಜನರ ಮುಂದೆ ನಿಂತರೆ ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಅವತ್ತು ಒಲೆಯ ಮುಂದೆ ಮೊಣಕಾಲೂರಿ ಬಹಳ ಹೊತ್ತು ಬೇಡಿದಳು. ತೊಡೆಯ ಮೇಲಿದ್ದ ತಲೆಯ ಭಾರ ಮಾತ್ರ ಇನ್ನೂ ಹಾಗೇ ಇತ್ತು. ಕುಡಿದವನ ಬಾಯಿ ನಾರುತ್ತದೆ. ಆ ಹುಡುಗನ ಬಾಯಿ ನಾರುತ್ತಿರಲಿಲ್ಲ. ಸತ್ತವನು ಎದ್ದು ಬಂದು ಇದನ್ನು ಹೇಳುವಂತಿಲ್ಲ.

ಪೊಲೀಸರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಜಗಳೂರು ಕೋರ್ಟಿನಲ್ಲೂ ಅದನ್ನೇ ಹೇಳಿದಳು.

ಮುತ್ತುರಾಜ್ ಕಡೆಯ ವಕೀಲರು ನಕ್ಕರು. “ನೀವು ಜಾತಿ ಬಿಟ್ಟವರು. ಅಣ್ಣನ ಮನೆ ಮೇಲೆ ಹಗೆ ಐತೆ, ಅದಕ್ಕೇ ಹಿಂಗೆ ಹೇಳ್ತೀರಿ. ಹೌದೋ ಅಲ್ಲೋ?”

“ಹಗೆ ಇಲ್ರೀ ಸ್ವಾಮಿ. ಅವನ ಅನ್ನ ಉಂಡೀನಿ. ಈ ಹುಡುಗನ್ನ ಎದೆ ಮ್ಯಾಲೆ ಮಲಗಿಸ್ಕೊಂಡೀನಿ.” ಕಟಕಟೆಯ ಮರ ಹಿಡಿದುಕೊಂಡಳು. “ಆದ್ರೂ ಸೊಪ್ಪು ಹಾಕಿರಲಿಲ್ಲ. ಆ ಮಗ ಕುಡಿದಿರಲಿಲ್ಲ.”

ಮುತ್ತುರಾಜ್ ತಲೆ ಎತ್ತಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಎದುರಾದಳು. ಪ್ರಸನ್ನಕುಮಾರನ ಹೆಂಡತಿ ಸಂಧ್ಯಾರಾಣಿ.

“ಕೊನೆಗೆ ಏನಂದ್ರು ಅವರು?”

“ನೀರು ಕೇಳಿದ್ರವ್ವ.”

“ಕೊಟ್ರಾ?”

“ಕೊಟ್ಟೆ. ಗಂಟಲಿಗೆ ಇಳೀಲಿಲ್ಲ.”

ಸಂಧ್ಯಾರಾಣಿ ಸೆರಗು ಬಾಯಿಗೆ ಒತ್ತಿಕೊಂಡು ನಡೆದುಬಿಟ್ಟಳು.

ಮುತ್ತುರಾಜನಿಗೆ ಜೈಲು ಶಿಕ್ಷೆಯಾಯಿತು. ಮರುಳಸಿದ್ದಪ್ಪ ತಂಗಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ಎದುರಿಗೆ ಬಂದರೆ ಗಾಳಿಯನ್ನು ನೋಡುವಂತೆ ನೋಡಿ ಮುಂದೆ ಹೋಗುತ್ತಿದ್ದ. ಅವನು ಸರಿದದ್ದು ಊರಿಗೆ ತಿಳಿಯಲು ತಡವಾಗಲಿಲ್ಲ. ಒಂದು ಭಾನುವಾರ ಕೆಲವರು ಅವಳ ಮನೆಗೆ ನುಗ್ಗಿ ಚಾಪೆ, ಡೋಲಕ್ ಎಲ್ಲ ಬೀದಿಗೆಸೆದರು. ಪಾಸ್ಟರ್ ಈ ಕಡೆ ಬರುವುದನ್ನೇ ಬಿಟ್ಟರು. ಪ್ರಾರ್ಥನೆಯಲ್ಲಿ ಅವಳ ಜೊತೆ ಹಾಡುತ್ತಿದ್ದ ಗಾದ್ರಮ್ಮ ನಲ್ಲಿಯ ಹತ್ತಿರ ನಿಂತು, “ನಿನ್ನೊಬ್ಬಳ ಸತ್ಯಕ್ಕೆ ನಾವೆಲ್ಲ ಬೀದಿಗೆ ಬಿದ್ವಿ,” ಎಂದಳು. ಹೊನ್ನೂರಮ್ಮನಿಗೆ ಅದು ಸುಳ್ಳು ಅನ್ನಿಸಲಿಲ್ಲ. ಮಾರನೆಯ ಭಾನುವಾರ ಒಬ್ಬಳೇ ಕೂತು ಪ್ರಾರ್ಥನೆ ಮಾಡಿದಳು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ.

ಮಾಗಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅವಳ ತಾಯಿ ಗಿಡ್ಡಮ್ಮ ತೀರಿಕೊಂಡಳು. ಹೊನ್ನೂರಮ್ಮ ಓಡಿದಳು. ಹೊಸ್ತಿಲಲ್ಲಿ ಅಣ್ಣ ಕೈ ಅಡ್ಡ ಹಿಡಿದ. “ನನ್ನ ಮಗ ಬಂದು ನೋಡೋ ಹಂಗಿಲ್ಲ. ನೀನೂ ನೋಡಬ್ಯಾಡ,” ಎಂದ. ಸಿಂಗರಿಸಿ ಕೂರಿಸಿ ಮೂರ್ತ ಮಾಡಿದ ಹೆಣ ರಸ್ತೆಯಲ್ಲಿ ಹೋಗುವಾಗ ಗೋಡೆಗೆ ಒರಗಿ ನಿಂತಳು. ಅವ್ವನ ಮುಖದ ಮೇಲೆಲ್ಲ ಹೂವಿತ್ತು, ಕಾಣಲಿಲ್ಲ.

ಅದಾದ ಮೇಲೆ ಬಸ್ಸು ಹತ್ತಿ ಜೈಲಿಗೆ ಹೋದಳು. ಮುತ್ತುರಾಜ್ ಭೇಟಿಗೆ ಬರುತ್ತಾನೆಂಬ ನಂಬಿಕೆ ಇರಲಿಲ್ಲ. ಬಂದ. ಮೈ ಇಳಿದಿತ್ತು. ಜಾಲರಿಯ ಆಚೆ ನಿಂತ.

“ಅಜ್ಜಿ ಮುಖ ನೋಡಿದ್ಯಾ ಅತ್ತೆ?”

“ನಿಮ್ಮಪ್ಪ ಬಿಡಲಿಲ್ಲ ಕಣೋ.”

“ನಂಗೂ ಬಿಡಲಿಲ್ಲ ಇವರು.”

ಅವನು ಅತ್ತ. ಅವಳೂ ಅತ್ತಳು. ಜಾಲರಿಯ ಸಂದಿಯಲ್ಲಿ ಬೆರಳು ತೂರುತ್ತಿರಲಿಲ್ಲ. ಹೊತ್ತಾಯಿತೆಂದು ಪೇದೆ ಕೂಗಿದ.

“ಇನ್ನು ಬರಬ್ಯಾಡ ನೀನು,” ಎಂದ ಮುತ್ತುರಾಜ್, ಕಣ್ಣೊರೆಸಿಕೊಂಡು. “ನಿನ್ನ ನೋಡಿದ್ರೆ ನಂಗೆ ಸಿಟ್ಟು ಬರ್ತೈತೆ.”

“ಬರಲಿ,” ಎಂದಳು ಹೊನ್ನೂರಮ್ಮ. “ನಾನು ಬರ್ತೀನಿ.”