ಮಗುಚಿ ಹಾಕಿದ ವಾಲ್ವ್

ಅಕ್ಕನ ಕೈ ಸರಿಯಿಲ್ಲ ಅಂತ ಹೇಳಿದವನು ನಾನೇ. ಅದೂ ಮೆಲ್ಲಗಲ್ಲ, ಫೋನಿನಲ್ಲಿ ಗದರಿಸಿಯೇ ಹೇಳಿದ್ದೆ. ಸಣ್ಣ ಪಂಪುಗಳ ರಿಪೇರಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು, ನನ್ನ ಕೆಲಸದ ಬಗ್ಗೆ ಯಾರಾದರೂ ಚಕಾರವೆತ್ತಿದರೆ ಮೂಗಿನ ತುದಿಯಲ್ಲೇ ಕೋಪ.

ಪಾರ್ಶ್ವವಾಯು ಹೊಡೆದ ಮೇಲೆ ಭಾವನಿಗೆ ಕಫ ಉಗುಳುವ ಶಕ್ತಿಯಿಲ್ಲ. ಅಕ್ಕ ಗಂಟಲಿಗೆ ಸಣ್ಣ ಟ್ಯೂಬು ಇಳಿಸಿ, ಮಂಚದ ಪಕ್ಕದ ಮಶೀನಿನಿಂದ ಅದನ್ನು ಎಳೆದು ತೆಗೆಯುತ್ತಿದ್ದಳು. ಆ ಮಶೀನಿನೊಳಗೆ ಮುಷ್ಟಿಯಷ್ಟೇ ದೊಡ್ಡ ಪಂಪು. ಮೋಟಾರು ಒಂದು ರಬ್ಬರ್ ಪೊರೆಯನ್ನು ಎಳೆಯುತ್ತದೆ, ತಳ್ಳುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಎಳೆದಾಗ ಒಂದು ವಾಲ್ವ್ ತೆರೆದು ಟ್ಯೂಬಿನ ಗಾಳಿ ಒಳಗೆ ಬರುತ್ತದೆ; ತಳ್ಳಿದಾಗ ಅದು ಮುಚ್ಚಿ, ಇನ್ನೊಂದು ತೆರೆದು ಗಾಳಿ ಹೊರಗೆ ಹೋಗುತ್ತದೆ. ಅಷ್ಟೇ ಕತೆ. ವಾಲ್ವ್ ಅಂದರೆ ಉಗುರಗಲದ ರಬ್ಬರ್ ತುಂಡು. ಅದು ಚಪ್ಪಟೆಯಾಗಿ ಕೂರದಿದ್ದರೆ ಬಂದ ಗಾಳಿ ಬಂದ ದಾರಿಯಲ್ಲೇ ವಾಪಸ್ಸು. ಸದ್ದು ಹಾಗೇ ಇರುತ್ತದೆ, ಸೆಳೆತ ಮಾತ್ರ ಇರುವುದಿಲ್ಲ.

ಎರಡು ತಿಂಗಳ ಹಿಂದೆ ಆ ಮಶೀನು ನನ್ನ ಮೇಜಿಗೆ ಬಂದಾಗ ವಾಲ್ವಿನ ಅಂಚು ಮುದುರಿತ್ತು. ಹೊಸದಕ್ಕೆ ಊರಿನ ಆ ತುದಿಗೆ ಹೋಗಬೇಕು. ಮೈಗಳ್ಳತನ, ಇನ್ನೇನು? ಹಳೆಯದನ್ನೇ ಮಗುಚಿ ಹಾಕಿದೆ. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಕಳ್ಳದಾರಿ ಇದು. ಮೀನಿನ ತೊಟ್ಟಿಯ ಪಂಪಾದರೆ ಹೇಗೋ ತಿಂಗಳು ದೂಡುತ್ತದೆ. ಸೆಳೆತ ಅಳೆಯುವ ಮೀಟರ್ ಹಚ್ಚಲಿಲ್ಲ. ಟ್ಯೂಬಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದೆ, ಎಳೆಯಿತು, ಕಳಿಸಿಬಿಟ್ಟೆ.

ವಾರಕ್ಕೆ ಅಕ್ಕ ಫೋನು ಮಾಡಿ, ಕಫ ಸರಿಯಾಗಿ ಬರುತ್ತಿಲ್ಲ ಅಂದಳು. ಮಶೀನು ಓಡ್ತಿದೆಯಾ ಅಂತ ಕೇಳಿದೆ. ಓಡುತ್ತಿದೆ ಅಂದಳು. ಹಾಗಾದರೆ ನಿನ್ನ ಕೈಯದೇ ತಪ್ಪು, ಟ್ಯೂಬು ಹಿಡಿಯೋಕೇ ಬರಲ್ಲ ನಿನಗೆ ಅಂತ ಹಾರಾಡಿದೆ. ಅವಳು ಮತ್ತೆ ಫೋನು ಮಾಡಲಿಲ್ಲ. ಹತ್ತು ದಿನಕ್ಕೆ ಭಾವ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು.

ಅವತ್ತೇ ಮಶೀನು ತಂದು ಬಿಚ್ಚಿ ನೋಡಿದ್ದೆ. ವಾಲ್ವ್ ಈಗ ಇನ್ನೊಂದು ಕಡೆಗೆ ಮುದುರಿತ್ತು. ನೋಡಿ ಮುಚ್ಚಿಟ್ಟೆ. ಥೂ, ನನ್ನ ಜನ್ಮಕ್ಕೆ.

ಭಾವ ಚೇತರಿಸಿಕೊಂಡರು. ಮನೆಗೆ ಹೋಗೋಣ ಅಂತ ಒಂದೇ ಸಮನೆ ಸನ್ನೆ ಮಾಡುತ್ತಿದ್ದರು. ಅಕ್ಕ ಒಪ್ಪಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ಅವಳು ಟ್ಯೂಬು ಮುಟ್ಟಲೇ ಇಲ್ಲವಂತೆ. ನರ್ಸ್ ಕರೆದರೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದಳಂತೆ. ಇವತ್ತು ಮಶೀನು ಹಿಡಿದು ಅವಳ ಮನೆಗೆ ಹೋದರೆ, ಭಾವನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಕಾಗದ ಮುಂದಿಟ್ಟುಕೊಂಡು, ಪೆನ್ನು ಹಿಡಿದು ಕೂತಿದ್ದಳು. ನನ್ನ ಕೈಗಿಂತ ಅಲ್ಲಿಯವರ ಕೈ ವಾಸಿ ಅಂದಳು.

ಮಶೀನನ್ನು ಆ ಕಾಗದದ ಮೇಲೇ ಇಟ್ಟು, ಸ್ಕ್ರೂ ಬಿಚ್ಚಿ, ವಾಲ್ವ್ ತೆಗೆದು ಅವಳ ಅಂಗೈಗೆ ಹಾಕಿದೆ.

"ತಪ್ಪು ನಿಂದಲ್ಲ ಅಕ್ಕ. ಹಾಳಾಗಿದ್ದನ್ನೇ ಮಗುಚಿ ಹಾಕಿದ್ದು ನಾನು. ಮೀಟರ್ ಹಚ್ಚದೆ ಬರೀ ಹೆಬ್ಬೆರಳಲ್ಲಿ ಒತ್ತಿ ನೋಡಿ ಕಳಿಸಿದ್ದೆ. ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡಿದ್ದೆ."

ಬೈಯಲಿ, ಕೆನ್ನೆಗೆ ಬಾರಿಸಲಿ ಅಂತ ಕಾದೆ. ಅವಳು ಆ ರಬ್ಬರ್ ಚೂರನ್ನು ನೋಡುತ್ತಲೇ ಇದ್ದಳು.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತಾ?"

"ಇತ್ತು."

ಮಶೀನಿನಡಿಯಿಂದ ಕಾಗದ ಎಳೆದು ನಾಲ್ಕು ಮಡಿಕೆ ಮಡಚಿದಳು. ನಾನು ಜೇಬಿನಿಂದ ಹೊಸ ವಾಲ್ವ್ ತೆಗೆದು ಕೂರಿಸಿ, ಮಶೀನು ಹಾಕಿ, ಅಭ್ಯಾಸದಂತೆ ಹೆಬ್ಬೆರಳು ಚಾಚಿದೆ.

ಅಕ್ಕ ನನ್ನ ಕೈ ಪಕ್ಕಕ್ಕೆ ಸರಿಸಿದಳು. "ನಿನ್ನ ಕೈ ಬೇಡ. ಮೀಟರ್ ಹಚ್ಚು" ಅಂದಳು.