ಹತ್ತು ಗಂಟೆಯ ಸ್ಯಾಂಪಲ್

"ಒಳಗೆ ಬಂದಿದ್ದು ನಾನೂರು, ಹೊರಗೆ ಹೋಗಿದ್ದು ಸಾವಿರದ ಮುನ್ನೂರು. ಇದೇನಮ್ಮಾ, ಕೊಳಚೆ ನೀರಿನ ಘಟಕಾನಾ, ಮಾತ್ರೆ ಕಾರ್ಖಾನೆನಾ?"

ಎಂಜಿನಿಯರ್ ಪರೀಕ್ಷಾ ವರದಿಯನ್ನು ಅವಳ ಮೇಜಿನ ಮೇಲಿಟ್ಟು ನಕ್ಕರು. ಅವಳಿಗೆ ನಗು ಬರಲಿಲ್ಲ.

ಅವರು ಹೇಳಿದ್ದು ಒಂದು ಲೀಟರ್ ನೀರಿನಲ್ಲಿ ಮೂರ್ಛೆ ರೋಗದ ಮಾತ್ರೆ ಎಷ್ಟು ನ್ಯಾನೋಗ್ರಾಂ ಇದೆ ಎಂಬುದರ ಬಗ್ಗೆ. ಊರಿನವರು ನುಂಗಿದ ಔಷಧಿಗಳಲ್ಲಿ ಎಷ್ಟು ಚರಂಡಿಗೆ ಬರುತ್ತದೆ, ಎಷ್ಟನ್ನು ತೊಟ್ಟಿಯ ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ, ಎಷ್ಟು ಕೆಸರಿಗೆ ಅಂಟಿಕೊಳ್ಳುತ್ತದೆ, ಉಳಿದದ್ದೆಷ್ಟು ಕೆರೆ ಸೇರುತ್ತದೆ ಎಂದು ಲೆಕ್ಕಹಾಕಿ ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ಲನ್ನು ಅವಳು ಏಳು ತಿಂಗಳು ಕೂತು ಕಟ್ಟಿದ್ದಳು. ಸಂಜೆ ಕಾಲೇಜಿನಲ್ಲಿ ಕಲಿತ ರಸಾಯನಶಾಸ್ತ್ರದ ಮೇಲೆ ಅವಳಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಪ್ರತಿ ಸಾಲನ್ನೂ ಮೂರು ಸಲ ನೋಡುತ್ತಿದ್ದಳು. ಜ್ವರದ ಮಾತ್ರೆ ಸರಿಬಂದಿತ್ತು. ನೋವಿನ ಮಾತ್ರೆಯೂ ಹೆಚ್ಚುಕಡಿಮೆ ಸರಿಯೇ. ಮೂರ್ಛೆಯ ಮಾತ್ರೆ ಎಲ್ಲಕ್ಕಿಂತ ಸುಲಭದ್ದು. ಅದನ್ನು ಯಾವ ಜೀವಿಯೂ ಮುಟ್ಟುವುದಿಲ್ಲ, ಕೆಸರೂ ಹಿಡಿದಿಟ್ಟುಕೊಳ್ಳುವುದಿಲ್ಲ. ಬಂದಷ್ಟೇ ಹೋಗಬೇಕು. ಅದೇ ಕೈಕೊಟ್ಟಿತ್ತು.

"ನಾಡಿದ್ದು ಮೀಟಿಂಗು. ಇಲ್ಲಿ ಸರಿಹೋದ್ರೆ ಇನ್ನೂ ಐದು ಘಟಕಕ್ಕೆ ನಿನ್ನ ಮಾಡೆಲ್ಲೇ" ಎಂದರು ಎಂಜಿನಿಯರ್. "ಮೈಯೊಳಗೆ ಬದಲಾದ ಔಷಧಿ ತೊಟ್ಟಿಗೆ ಬಂದ್ಮೇಲೆ ಮತ್ತೆ ಮೊದಲಿನ ಹಾಗೇ ಆಗತ್ತೆ ಅಂತಾರಲ್ಲ, ಆ ಅಂಕಿ ಸ್ವಲ್ಪ ಏರಿಸು."

"ಸ್ವಲ್ಪ ಸಾಲಲ್ಲ ಸಾರ್. ತುಂಬಾ ಏರಿಸ್ಬೇಕು."

"ಏರಿಸಮ್ಮ. ಅಂಕಿಗೇನು ಸೊಂಟ ಹಿಡ್ಕೊಳತ್ತಾ?"

ಅವರು ಹೋದ ಮೇಲೆ ಏರಿಸಿದಳು. ಮಾಡೆಲ್ಲಿನ ಗೆರೆ ಮೂರನ್ನು ಬಿಟ್ಟು ಉಳಿದ ಅಳತೆಯ ಚುಕ್ಕಿಗಳ ಮೇಲೆ ಅಚ್ಚು ಹಾಕಿದಂತೆ ಕೂತುಬಿಟ್ಟಿತು. ಅಷ್ಟು ಸರಿಯಾಗಿ ಕೂತದ್ದೇ ಅವಳಿಗೆ ಅನುಮಾನ ತಂದಿತು. ಔಷಧಿ ಅಂಗಡಿಗಳಿಂದ ತಂದ ಪಟ್ಟಿಯನ್ನು ತೆಗೆದು ನೋಡಿದಳು. ಊರಲ್ಲಿ ಮಾರಾಟವಾದ ಮಾತ್ರೆಗಳನ್ನೆಲ್ಲ ಯಾರೂ ನುಂಗದೆ ಸೀದಾ ಚರಂಡಿಗೇ ಸುರಿದಿದ್ದರೂ ಸಾವಿರದ ಮುನ್ನೂರು ಮುಟ್ಟುತ್ತಿರಲಿಲ್ಲ.

ಸ್ಯಾಂಪಲ್ ಪುಸ್ತಕ ಬಿಡಿಸಿದಳು. ಒಳಬರುವ ನೀರನ್ನು ಯಂತ್ರ ಹಿಡಿಯುತ್ತದೆ. ಹೊರಹೋಗುವ ನೀರನ್ನು ಬೆಳಿಗ್ಗೆ ಹತ್ತಕ್ಕೆ ಅವಳೇ ಹಿಡಿಯುತ್ತಾಳೆ. ಹನ್ನೆರಡು ದಿನಗಳಲ್ಲಿ ಮೂರು ದಿನ ಮಾತ್ರ ಅಂಕಿ ಮಾಡೆಲ್ ಹೇಳಿದಂತೆಯೇ ಇತ್ತು. ಆ ಮೂರು ದಿನ ಅವಳಿಗೆ ಜ್ವರ. ನೀರು ಹಿಡಿದವನು ಪಂಪ್ ನೋಡಿಕೊಳ್ಳುವ ಗಡಿಯಾರಪ್ಪ. ಮೂವತ್ತು ವರ್ಷದಲ್ಲಿ ಒಂದು ನಿಮಿಷವೂ ತಡವಾಗಿ ಬಂದವನಲ್ಲ ಎಂದು ಅವನಿಗೆ ಆ ಹೆಸರು ಬಿದ್ದಿತ್ತು.

ಮೊಬೈಲ್ ಅಲಾರಂ ಹೊಡೆಯಿತು. ಹತ್ತು ಗಂಟೆ. ಕೈ ತಾನಾಗಿ ಚೀಲಕ್ಕೆ ಹೋಯಿತು. ಬಾಗಿಲಿಗೆ ಬೆನ್ನು ತಿರುಗಿಸಿ, ಮಾತ್ರೆಯನ್ನು ಎರಡು ಉಗುರುಗಳ ನಡುವೆ ಹಿಡಿದು ಲಟಕ್ಕನೆ ಮುರಿದು ಅರ್ಧ ನುಂಗಿದಳು. ಇನ್ನರ್ಧವನ್ನು ಡಬ್ಬಿಗೆ ಹಾಕುವಾಗ ಬೆರಳು ಕಣ್ಣಿಗೆ ಬಿತ್ತು. ಉಗುರಿನ ಸಂದಿಯಲ್ಲಿ ಬಿಳಿ ಪುಡಿ.

ದಿನಾ ಮಾತ್ರೆ ನುಂಗಿ, ಸ್ಯಾಂಪಲ್ ಹಿಡಿಯಲು ಕೈಗವಸು ಹಾಕಿಕೊಳ್ಳುತ್ತಿದ್ದುದು ಈ ಬೆರಳುಗಳಿಂದಲೇ. ಗವಸಿನ ತುದಿ ಹಿಡಿದು ಎಳೆಯುತ್ತಿದ್ದುದೂ, ಬಾಟಲಿಯ ಮುಚ್ಚಳ ತಿರುವುತ್ತಿದ್ದುದೂ ಇವುಗಳಿಂದಲೇ. ಒಂದು ಲೀಟರ್ ನೀರಿನ ಅಂಕಿ ಕೆಡಿಸಲು ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಸಾಕು. ಅಷ್ಟು ಪುಡಿ ಕಣ್ಣಿಗೂ ಕಾಣುವುದಿಲ್ಲ.

ಕೆಲಸಕ್ಕೆ ಸೇರುವಾಗ 'ಮೂರ್ಛೆ ಬರುತ್ತದೆಯೇ' ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಬರೆದಿದ್ದಳು. ಆರು ವರ್ಷದಿಂದ ಬಂದೂ ಇರಲಿಲ್ಲ. ಆದರೆ ತೊಟ್ಟಿಯ ಸುತ್ತ ಹಳದಿ ಗೆರೆ ಇತ್ತು, ಮೂರ್ಛೆ ರೋಗ ಇರುವವರು ಅದನ್ನು ದಾಟಬಾರದು ಎಂಬ ಫಲಕವೂ ಇತ್ತು. ಸುಳ್ಳು ಬರೆದವರನ್ನು ಕೆಲಸದಿಂದ ತೆಗೆಯಬಹುದು ಎಂಬ ಮಾತು ಆ ಅರ್ಜಿಯ ಕೊನೆಯಲ್ಲೇ ಇತ್ತು.

ಅವಳು ಎಂಜಿನಿಯರ್ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು.

"ಸಾರ್, ಮಾಡೆಲ್ ಸರಿಯಾಗೇ ಇದೆ. ಅಳತೆ ತಪ್ಪು. ಬಾಟಲಿ ಒಳಗೆ ಏನೋ ಸೇರಿಕೊಂಡಿದೆ."

"ಹಾಗೆ ಹೇಳು! ಬಾಟಲಿ ತೊಳಿಯೋನು ಗಡಿಯಾರಪ್ಪ ತಾನೆ? ಟೈಮಿಗೆ ಬರೋದೊಂದು ಬಿಟ್ರೆ ಅವನಿಗೆ ಇನ್ನೇನ್ ಬರತ್ತೆ? ಅವನ ಮೇಲೊಂದು ನೋಟೀಸ್ ಹಾಕಿ, ಆ ಒಂಬತ್ತು ದಿನ ಕೈಬಿಡೋಣ."

ಹೂಂ ಅಂದರೆ ಮುಗಿಯುತ್ತಿತ್ತು. ಗಡಿಯಾರಪ್ಪ ನಿವೃತ್ತಿಯಾಗಲು ಇನ್ನೊಂದೇ ವರ್ಷ. ಕಿಟಕಿಯಾಚೆ ಅವನು ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಬಾಟಲಿಯೊಂದನ್ನು ನಾಲ್ಕನೇ ಸಲ ಕುಲುಕಿ ಚೆಲ್ಲುತ್ತಿದ್ದ.

"ಅವರು ತೊಳೆದಿದ್ದು ಸರಿಯಾಗೇ ಇದೆ ಸಾರ್. ನನ್ನ ಕೈ..." ಎಂದಳು. ಚೀಲದಿಂದ ಮಾತ್ರೆಯ ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟಳು.

ಎಂಜಿನಿಯರ್ ಡಬ್ಬಿಯ ಮೇಲಿನ ಹೆಸರು ಓದಿದರು. ವರದಿ ನೋಡಿದರು. ಮತ್ತೆ ಡಬ್ಬಿ ನೋಡಿದರು.

"ಎಷ್ಟು ವರ್ಷದಿಂದ?"

"ಹದಿನಾರನೇ ವಯಸ್ಸಿಂದ."

"ಗೊತ್ತಾದ್ಮೇಲೆ ನಾನು ಮೇಲಿನವರಿಗೆ ಬರೀಲೇಬೇಕಾಗತ್ತಮ್ಮ" ಎಂದರು. ಈ ಸಲ ನಗಲಿಲ್ಲ. "ನಾಳೆ ಗಡಿಯಾರಪ್ಪನ ಕೈಲಿ ಇನ್ನೊಂದು ಸಲ ಸ್ಯಾಂಪಲ್ ಹಿಡಿಸಿ ನೋಡೋಣ. ಗೆರೆ ಮಾತ್ರ ನೀನು ದಾಟ್ಬೇಡ."

ಮಾರನೆಯ ದಿನ ಅವಳು ಹಳದಿ ಗೆರೆಯ ಈಚೆ ಬಾಟಲಿಗೆ ಅಂಟಿಸುವ ಹೆಸರುಚೀಟಿ ಹಿಡಿದು ನಿಂತಿದ್ದಳು. ಗಾಳಿ ತುಂಬಿ ಕುದಿಯುವಂತೆ ಕಾಣುವ ತೊಟ್ಟಿಯಾಚೆ ನೀರು ಹೊರಹೋಗುವ ಕಡೆ ಗಡಿಯಾರಪ್ಪ ಬಾಟಲಿ ಹಿಡಿದು ಕಂಬಿಯಿಂದ ಬಗ್ಗಿದ್ದ.

"ದಿನಾ ಹತ್ತಕ್ಕೆ ನೀನು ಈ ಕಂಬಿ ಹತ್ರ ಬಂದಾಗೆಲ್ಲ ನಾನೂ ಕಂಬಿ ಒರೆಸ್ತಿದ್ದೆ, ನೋಡಿದ್ಯಾ?" ಎಂದು ತಿರುಗದೆಯೇ ಕೇಳಿದ.

"ನೋಡಿದೀನಿ."

"ಮೂವತ್ತು ವರ್ಷದಲ್ಲಿ ಬೇರೆ ಯಾವತ್ತಾದ್ರೂ ನಾನು ಕಂಬಿ ಒರೆಸಿದ್ದು ಯಾರಾದ್ರೂ ನೋಡಿದಾರಾ, ಕೇಳು. ಅದೆಂಥ ಮಾತ್ರೆ ಅಂತ ನಂಗೆ ಯಾವತ್ತೋ ಗೊತ್ತಿತ್ತು."

ಅಷ್ಟರಲ್ಲಿ ಅಲಾರಂ ಹೊಡೆಯಿತು. ಕೈ ಚೀಲಕ್ಕೆ ಹೋಯಿತು.

"ತಡಿ ಮಗಳೇ" ಎಂದ ಗಡಿಯಾರಪ್ಪ. "ಮೊದಲು ಮುಚ್ಚಳ ಹಾಕ್ತೀನಿ. ಆಮೇಲೆ ನುಂಗು."

ಅವಳು ಕೈ ಹೊರಗೆ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಳು. ಅವನು ನಿಧಾನವಾಗಿ, ಒಂದೊಂದೇ ಸುತ್ತು, ಮುಚ್ಚಳ ತಿರುವತೊಡಗಿದ.